ಬೋಫೋರ್ಟ್ ಹೌಸ್ ಮೈದಾನ: ಬಗೆಹರಿಯದ ಕೆಲವು ಟಿಪ್ಪಣಿಗಳು

1866ರ ಮಾರ್ಚ್ 23. ಲಂಡನ್ನಿನ ಪಶ್ಚಿಮ ಭಾಗದ ವಾಲ್ಹಮ್ ಗ್ರೀನ್. ಅಲ್ಲಿನ ಬೋಫೋರ್ಟ್ ಹೌಸ್ ಮೈದಾನದಲ್ಲಿ ಆ ದಿನ ಹನ್ನೆರಡು ಸ್ಪರ್ಧೆಗಳು ನಡೆದವು. ನಡೆಸಿದ್ದು ಆಗಷ್ಟೇ ಹುಟ್ಟಿದ್ದ ಅಮೆಚೂರ್ ಅಥ್ಲೆಟಿಕ್ ಕ್ಲಬ್. ಒಂದು ದೇಶದ ಮಟ್ಟದಲ್ಲಿ ಓಟ, ಜಿಗಿತ, ಎಸೆತಗಳ ಚಾಂಪಿಯನ್ ಪಟ್ಟ ಕಟ್ಟುವ ಪದ್ಧತಿಯ ಮೊದಲ ಕೊಂಡಿ ಎಂದು ಕ್ರೀಡಾ ಇತಿಹಾಸ ಬರೆಯುವವರು ಸಾಮಾನ್ಯವಾಗಿ ಈ ಕೂಟವನ್ನೇ ತೋರಿಸುತ್ತಾರೆ. ಇವತ್ತು ನಮ್ಮ ತಾಲ್ಲೂಕು ಕ್ರೀಡಾಕೂಟದ ಫಲಿತಾಂಶ ಪಟ್ಟಿಯಲ್ಲಿ ಕಾಣುವ ನೂರರ ಓಟ, ನಾನೂರರ ಓಟ, ಉದ್ದ ಜಿಗಿತ, ಎತ್ತರ ಜಿಗಿತ, ಗುಂಡು ಎಸೆತ ಎಂಬ ಸಾಲು ಹೆಚ್ಚುಕಡಿಮೆ ಅಲ್ಲಿಯೂ ಇದೆ. ಮೀಟರಿನ ಜಾಗದಲ್ಲಿ ಗಜ ಇದೆ, ಅಷ್ಟೆ.

ಫಲಿತಾಂಶಗಳನ್ನು ಬರೆದಿಟ್ಟುಕೊಳ್ಳುತ್ತೇನೆ. 100 ಗಜದ ಓಟ ಗೆದ್ದವನು ಥಾಮಸ್ ಕೊಲ್ಮೋರ್, ಹತ್ತೂವರೆ ಸೆಕೆಂಡು. 440 ಗಜಕ್ಕೆ ರಿಡ್ಲಿ, 55 ಸೆಕೆಂಡು. ಅರ್ಧ ಮೈಲಿಗೆ ಪರ್ಸಿ ಥಾರ್ನ್‌ಟನ್, 2 ನಿಮಿಷ 5 ಸೆಕೆಂಡು. ಮೈಲಿಗೆ ಚಾರ್ಲ್ಸ್ ಲಾಸ್, 4 ನಿಮಿಷ 39 ಸೆಕೆಂಡು. ನಾಲ್ಕು ಮೈಲಿಗೆ ಗಾರ್ನೆಟ್. 120 ಗಜದ ಹರ್ಡಲ್ಸ್ ಗೆದ್ದ ಥಾಮಸ್ ಮಿಲ್ವೇನ್ ತೆಗೆದುಕೊಂಡದ್ದು 17¾ ಸೆಕೆಂಡು. ಎತ್ತರ ಜಿಗಿತದಲ್ಲಿ ರೂಪೆಲ್ ಮತ್ತು ಲಿಟ್ಲ್ ಇಬ್ಬರೂ 5 ಅಡಿ 9 ಅಂಗುಲ ದಾಟಿ ಪಟ್ಟ ಹಂಚಿಕೊಂಡರು. ಪೋಲ್ ವಾಲ್ಟ್ 10 ಅಡಿ. ಏಳು ಮೈಲಿ ನಡಿಗೆಯನ್ನು ಒಂದು ಗಂಟೆಗೆ 28 ಸೆಕೆಂಡು ಉಳಿದಿರುವಾಗಲೇ ಮುಗಿಸಿ ಗೆದ್ದವನು ಜಾನ್ ಗ್ರಹಾಂ ಚೇಂಬರ್ಸ್. ಈ ಕ್ಲಬ್ ಕಟ್ಟುವುದರಲ್ಲಿ ಮುಂದಾಳಾಗಿದ್ದವನೂ ಅವನೇ.

ಈ ಪಟ್ಟಿಯನ್ನು ಮೊದಲು ಓದಿದಾಗ ನನಗೆ ಸಂತೋಷವೇ ಆಯಿತು. ಓದುತ್ತ ಹೋದ ಹಾಗೆ ಒಂದೊಂದೇ ಪ್ರಶ್ನೆ ಎದ್ದವು. ಅವುಗಳಲ್ಲಿ ಹಲವಕ್ಕೆ ಇನ್ನೂ ಉತ್ತರ ಕಂಡಿಲ್ಲ.

*

ಮಾರ್ಚ್ 23 ಶುಕ್ರವಾರ. ಕೂಟಕ್ಕೆ ಶುಕ್ರವಾರವೇ ಯಾಕೆ?

ಕಾರಣ ಸಿಗುತ್ತದೆ. ಮರುದಿನ, ಶನಿವಾರ, ಥೇಮ್ಸ್ ನದಿಯಲ್ಲಿ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಡ್ಜ್ ವಿಶ್ವವಿದ್ಯಾಲಯಗಳ ದೋಣಿ ಸ್ಪರ್ಧೆ. ಅದನ್ನು ನೋಡಲು ಎರಡೂ ಕಡೆಯ ವಿದ್ಯಾರ್ಥಿಗಳು, ಹಳೆಯ ವಿದ್ಯಾರ್ಥಿಗಳು ಲಂಡನ್ನಿಗೆ ಬಂದೇ ಬರುತ್ತಾರೆ. ಬಂದವರು ಒಂದು ದಿನ ಮೊದಲೇ ಬಂದರೆ ಓಡಬಹುದು, ಜಿಗಿಯಬಹುದು, ನಾಳೆ ದೋಣಿ ನೋಡಿಕೊಂಡು ಊರಿಗೆ ಹೋಗಬಹುದು. ಲೆಕ್ಕಾಚಾರ ಸರಿಯಾಗಿಯೇ ಇದೆ.

ಆದರೆ ಆ ಕಾಲದ ಇಂಗ್ಲೆಂಡಿನಲ್ಲಿ ಶುಕ್ರವಾರ ಎಂದರೆ ದುಡಿಮೆಯ ದಿನ. 1850ರ ಕಾರ್ಖಾನೆ ಕಾಯ್ದೆ ಬಟ್ಟೆ ಗಿರಣಿಗಳಲ್ಲಿ ಹೆಂಗಸರಿಗೂ ಎಳೆಯರಿಗೂ ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಕೆಲಸ ಮುಗಿಸಬೇಕೆಂದು ಹೇಳಿತ್ತು. ಅವರಿಲ್ಲದೆ ಗಿರಣಿ ನಡೆಯದ ಕಾರಣ ಗಂಡಸರಿಗೂ ಬಿಡುವು ಸಿಕ್ಕಿತು. ಶನಿವಾರದ ಅರ್ಧ ದಿನ ದುಡಿಯುವವರ ಆಟದ ಹೊತ್ತಾಗುತ್ತಿದ್ದ ಕಾಲ ಅದು. ಇಂಗ್ಲೆಂಡಿನ ಅತ್ಯುತ್ತಮ ಓಟಗಾರ ಯಾರು ಎಂದು ತೀರ್ಮಾನಿಸುವ ಕೂಟವನ್ನು ದೇಶದ ಬಹುಪಾಲು ಜನರಿಗೆ ಬಿಡುವಿಲ್ಲದ ದಿನ ಇಟ್ಟರು. ಬೇಕೆಂದೇ ಹಾಗೆ ಮಾಡಿದರು ಎನ್ನುವಂತಿಲ್ಲ, ದೋಣಿ ಸ್ಪರ್ಧೆಯ ಕಾರಣ ಕಣ್ಣೆದುರಿಗೇ ಇದೆ. ಆ ಜನ ಬರಬಹುದು ಎಂಬ ಯೋಚನೆಯೇ ಯಾರ ತಲೆಗೂ ಹೊಳೆದಂತಿಲ್ಲ. ನನಗೆ ಹೆಚ್ಚು ಅಚ್ಚರಿ ತರುವುದು ಅದೇ.

*

ಓಟದ ರೀತಿ ಕಣ್ಣಿಗೆ ಕಟ್ಟಿಕೊಳ್ಳಲು ನೋಡುತ್ತೇನೆ. ಕೈ ನೆಲಕ್ಕೂರಿ ಬಗ್ಗಿ ಓಟ ಆರಂಭಿಸುವ ಕ್ರಮ ಬಂದದ್ದು ಅಲ್ಲಿಂದ ಇಪ್ಪತ್ತು ವರ್ಷದ ಆಚೆ. ಕೊಲ್ಮೋರ್ ನಿಂತಲ್ಲಿಂದಲೇ ಓಡಿದವನು. ಎತ್ತರ ಜಿಗಿದವರಿಗೆ ಕೆಳಗೆ ಹಾಸಿಗೆ ಇಲ್ಲ, ಬೀಳುವುದು ಬರೀ ನೆಲಕ್ಕೆ. ಹಾಗಾಗಿ ಕಾಲ ಮೇಲೆ ಇಳಿಯುವಂತೆಯೇ ಜಿಗಿಯಬೇಕು. ಪೋಲ್ ವಾಲ್ಟಿನ ಗಳ ಬಾಗದ ಗಟ್ಟಿ ಮರದ್ದು. ಹ್ಯಾಮರ್ ಎಂದರೆ ಮರದ ಹಿಡಿಯಿದ್ದ ಸುತ್ತಿಗೆಯೇ, ಈಗಿನ ಹಾಗೆ ತಂತಿಗೆ ಕಟ್ಟಿದ ಗುಂಡಲ್ಲ. ಅದನ್ನು ಗೆದ್ದ ಜೇಮ್ಸ್ ಎಸೆದದ್ದು 78 ಅಡಿ 4 ಅಂಗುಲ, ಅಂದರೆ 24 ಮೀಟರಿಗಿಂತ ಸ್ವಲ್ಪ ಕಡಿಮೆ. ಗಡಿಯಾರ ಸೆಕೆಂಡಿನ ಕಾಲುಭಾಗದವರೆಗೆ ಹೇಳುತ್ತಿತ್ತು, ಅದಕ್ಕೇ 17¾.

ಈ ವಿವರಗಳಲ್ಲಿ ಒಂದು ಬಗೆಯ ಚೆಲುವಿದೆ. ಬರಿಯ ಹುಲ್ಲು, ಮರದ ಗಳ, ಮರದ ಹಿಡಿ, ಮಾರ್ಚ್ ತಿಂಗಳ ಇಂಗ್ಲೆಂಡಿನ ಚಳಿ. ನಡುವೆ ಐದು ಅಡಿ ಒಂಬತ್ತು ಅಂಗುಲ ಹಾರಿದ ಇಬ್ಬರು ಹುಡುಗರು. ಸಾಧನಗಳಿಲ್ಲದ ಆ ದೇಹಗಳ ಬಗ್ಗೆ ನನಗೆ ಗೌರವವಿದೆ. ಮುಂದೆ ಬರೆಯುವ ಯಾವುದೂ ಅವರ ಓಟವನ್ನು ಸಣ್ಣದು ಮಾಡಲು ಬರೆದದ್ದಲ್ಲ.

*

ಆದರೆ ಮೈಲಿ ಓಟದ ಅಂಕಿಯ ಮುಂದೆ ನಿಂತುಬಿಡುತ್ತೇನೆ. 4 ನಿಮಿಷ 39 ಸೆಕೆಂಡು.

ಏಳು ತಿಂಗಳ ಹಿಂದೆ, 1865ರ ಆಗಸ್ಟ್ 19ರಂದು, ಮ್ಯಾಂಚೆಸ್ಟರಿನ ರಾಯಲ್ ಓಕ್ ಮೈದಾನದಲ್ಲಿ ವಿಲಿಯಂ ಲ್ಯಾಂಗ್ ಮತ್ತು ವಿಲಿಯಂ ರಿಚರ್ಡ್ಸ್ ಎಂಬ ಇಬ್ಬರು ಇದೇ ಒಂದು ಮೈಲಿಯನ್ನು ಒಟ್ಟಿಗೇ ಮುಟ್ಟಿದ್ದರು. ಕಾಲ 4 ನಿಮಿಷ 17¼ ಸೆಕೆಂಡು. ವ್ಯತ್ಯಾಸ ಇಪ್ಪತ್ತೊಂದೂಮುಕ್ಕಾಲು ಸೆಕೆಂಡು. ಬೋಫೋರ್ಟ್ ಹೌಸಿನ ಗೆಲುವಿನ ವೇಗದಲ್ಲೇ ಲೆಕ್ಕ ಹಾಕಿದೆ: ಮ್ಯಾಂಚೆಸ್ಟರಿನ ಇಬ್ಬರು ಗುರಿ ಮುಟ್ಟಿದಾಗ ಲಾಸ್ ಸುಮಾರು 125 ಮೀಟರ್ ಹಿಂದಿರುತ್ತಿದ್ದ.

ನ್ಯಾಯವಾಗಿ ಹೇಳಬೇಕೆಂದರೆ, ಲಾಸ್ ಆ ದಿನ ಗೆಲ್ಲುವಷ್ಟು ಓಡಿದರೆ ಸಾಕಿತ್ತು, ಗಡಿಯಾರದೊಡನೆ ಪಂದ್ಯ ಇರಲಿಲ್ಲ. ಮಾರ್ಚಿನ ನೆಲ ಬೇರೆ, ಆಗಸ್ಟಿನ ನೆಲ ಬೇರೆ. ಇಷ್ಟನ್ನೆಲ್ಲ ಕಳೆದರೂ ಇಪ್ಪತ್ತೆರಡು ಸೆಕೆಂಡು ಎಲ್ಲಿಗೆ ಹೋಗುತ್ತದೆ? ಇಂಗ್ಲೆಂಡಿನ ಚಾಂಪಿಯನ್ ಎಂದು ಹೆಸರು ಬರೆಸಿಕೊಂಡವನಿಗಿಂತ ಎಷ್ಟೋ ವೇಗದ ಇಬ್ಬರು ಅದೇ ಇಂಗ್ಲೆಂಡಿನಲ್ಲಿ, ಅದೇ ಕಾಲದಲ್ಲಿ ಇದ್ದರು. ಸಾವಿರಾರು ಜನ ಅವರನ್ನು ನೋಡಿದ್ದರು. ಪತ್ರಿಕೆಗಳಲ್ಲಿ ಅವರ ಹೆಸರು ಬಂದಿತ್ತು. ಬೋಫೋರ್ಟ್ ಹೌಸಿನವರಿಗೂ ಅದು ತಿಳಿಯದ್ದೇನಲ್ಲ.

ಇನ್ನೂ ಸ್ವಲ್ಪ ಹಿಂದೆ ಹೋದರೆ ಅಮೆರಿಕದ ಸೆನೆಕಾ ಬುಡಕಟ್ಟಿನ ಲೂಯಿ ಬೆನೆಟ್ ಇದ್ದಾನೆ. ಡೀರ್‌ಫುಟ್ ಎಂಬ ಹೆಸರಿನಲ್ಲಿ ಇಂಗ್ಲೆಂಡಿನ ಊರೂರಿನಲ್ಲಿ ಓಡಿ, 1863ರಲ್ಲಿ ಒಂದು ಗಂಟೆಯಲ್ಲಿ ಹನ್ನೊಂದೂವರೆ ಮೈಲಿಗಿಂತ ಹೆಚ್ಚು ದೂರ ಕ್ರಮಿಸಿದವನು. ಸ್ಕಾಟ್ಲೆಂಡಿನಲ್ಲಿ ಡೊನಾಲ್ಡ್ ಡಿನ್ನಿ ಇದ್ದಾನೆ. ಕಲ್ಲುಕುಟಿಗ. ಹೈಲ್ಯಾಂಡ್ ಕೂಟಗಳಲ್ಲಿ ಗುಂಡು, ಸುತ್ತಿಗೆ ಎಸೆದು ಬಹುಮಾನದ ಹಣದಿಂದ ಹೆಸರೂ ಸಂಪತ್ತೂ ಗಳಿಸಿದವನು. ಇವರಲ್ಲಿ ಯಾರೂ ಆ ಹನ್ನೆರಡು ಸ್ಪರ್ಧೆಗಳ ಪಟ್ಟಿಯಲ್ಲಿಲ್ಲ. ಬರುವುದಕ್ಕೂ ಆಗುತ್ತಿರಲಿಲ್ಲ.

*

ನಿಯಮ ಹೀಗಿತ್ತು. ಎಲ್ಲರಿಗೂ ತೆರೆದ ಸ್ಪರ್ಧೆಯಲ್ಲಿ ಓಡಿದವನು, ಹಣಕ್ಕಾಗಿ ಓಡಿದವನು, ಟಿಕೆಟ್ ದುಡ್ಡಿನಲ್ಲಿ ಪಾಲು ಪಡೆದವನು, ಕಸುಬಿನ ಓಟಗಾರರ ಜೊತೆ ಬಹುಮಾನಕ್ಕೆ ಸ್ಪರ್ಧಿಸಿದವನು, ಜೀವನದಲ್ಲಿ ಯಾವಾಗಲಾದರೂ ವ್ಯಾಯಾಮ ಕಲಿಸಿ ಹೊಟ್ಟೆ ಹೊರೆದವನು ಹವ್ಯಾಸಿಯಲ್ಲ. ಇಷ್ಟು ಓದಿ, ಸರಿ, ಇದೊಂದು ದಾರಿ ಎಂದುಕೊಳ್ಳಬಹುದು. ಆದರೆ ಕ್ಲಬ್ಬಿನ ಆರಂಭದ ವರ್ಷಗಳಲ್ಲಿಯೇ ಇದಕ್ಕೆ ಇನ್ನೊಂದು ತುಂಡು ಸೇರಿತು. ಮೆಕ್ಯಾನಿಕ್, ಕುಶಲಕರ್ಮಿ, ಕೂಲಿಗಾರ ಇವರು ಯಾರೂ ಹವ್ಯಾಸಿಗಳಲ್ಲ.

ಇಲ್ಲಿಗೆ ಬಂದಾಗ ನನ್ನ ಲೆಕ್ಕ ಪೂರ್ತಿ ತಪ್ಪುತ್ತದೆ. ಮೊದಲಿನ ಷರತ್ತುಗಳೆಲ್ಲ ಓಟಕ್ಕೆ ಸಂಬಂಧಿಸಿದವು, ನೀನು ಓಡಿ ಏನು ಪಡೆದೆ ಎಂದು ಕೇಳುವಂಥವು. ಕೊನೆಯದಕ್ಕೆ ಓಟದ ಸಂಬಂಧವೇ ಇಲ್ಲ. ಒಬ್ಬ ಬಡಗಿ ಜೀವಮಾನದಲ್ಲಿ ಒಂದು ಪೆನ್ನಿಯನ್ನೂ ಓಟದಿಂದ ಗಳಿಸಿಲ್ಲ ಎನ್ನೋಣ. ಸಂಜೆ ಹೊತ್ತು, ಬರೀ ಆಸೆಗೆ, ತನ್ನ ಪಾಡಿಗೆ ತಾನು ಓಡುತ್ತಾನೆ. ಇದಕ್ಕಿಂತ ಶುದ್ಧ ಹವ್ಯಾಸ ಯಾವುದಿದೆ? ಆದರೂ ಅವನಿಗೆ ಅಲ್ಲಿ ಜಾಗವಿಲ್ಲ. ಅವನ ಕೈಯ ಕೆಸರು ಅವನ ಕಾಲನ್ನು ತಡೆಯಿತು.

ಈ ನಿಯಮವನ್ನು ಸಮರ್ಥಿಸಿದವರ ವಾದವನ್ನೂ ಹುಡುಕಿದೆ. ಅದು ಹೆಚ್ಚಾಗಿ ದೋಣಿ ಹುಟ್ಟುಹಾಕುವವರ ವಲಯದಿಂದ ಬಂದದ್ದು. ಮೈಮುರಿದು ದುಡಿಯುವವನ ಸ್ನಾಯುಗಳು ದುಡಿಮೆಯಿಂದಲೇ ಗಟ್ಟಿಯಾಗಿರುತ್ತವೆ, ಕುಳಿತು ಓದುವವನಿಗೆ ಅವನ ಎದುರು ಅನ್ಯಾಯವಾಗುತ್ತದೆ ಎಂಬ ವಾದ. ಇದನ್ನು ಎಷ್ಟು ಬಾರಿ ಓದಿದರೂ ನನಗೆ ಒಳಗಿಳಿಯುವುದಿಲ್ಲ. ದಿನಕ್ಕೆ ಹತ್ತು ಗಂಟೆ ದುಡಿದು, ಸಾಲದಷ್ಟು ತಿಂದು, ಮಲಗಿ ಎದ್ದು ಮತ್ತೆ ದುಡಿಯುವವನಿಗೆ ಮೈದಾನದಲ್ಲಿ ಹೆಚ್ಚುಗಾರಿಕೆ ಇದೆಯಂತೆ. ಈಟನ್ನಿನಲ್ಲಿ ಓದಿ, ಹೊಟ್ಟೆತುಂಬ ಉಂಡು, ಮಧ್ಯಾಹ್ನಗಳನ್ನೆಲ್ಲ ಆಟಕ್ಕೆ ಕೊಡಬಲ್ಲವನಿಗೆ ಏನೂ ಹೆಚ್ಚುಗಾರಿಕೆ ಇಲ್ಲವಂತೆ. ಈ ವಾದವನ್ನು ನಿಜವೆಂದೇ ಒಪ್ಪಿದರೂ ಅದರಿಂದ ಹೊರಡುವ ಮಾತು ಒಂದೇ: ಕೂಲಿಗಾರ ಬಂದರೆ ಗೆಲ್ಲುತ್ತಾನೆ. ಗೆಲ್ಲಬಲ್ಲವನನ್ನು ಹೊರಗಿಟ್ಟ ಮೇಲೆ ಆ ಪಟ್ಟಕ್ಕೆ ದೇಶದ ಹೆಸರು ಯಾಕೆ ಬೇಕಿತ್ತು?

ಕ್ಲಬ್ ತನ್ನ ಗುರಿಯನ್ನು ಮರೆಮಾಚಿರಲಿಲ್ಲ ಎಂಬುದನ್ನೂ ಬರೆಯಬೇಕು. ಕಸುಬಿನ ಓಟಗಾರರೊಡನೆ ಬೆರೆಯುವ ಅನಿವಾರ್ಯವಿಲ್ಲದೆ ಸಂಭಾವಿತರು ತಮ್ಮತಮ್ಮಲ್ಲೇ ಸ್ಪರ್ಧಿಸಲು ಒಂದು ಮೈದಾನ ಬೇಕು ಎಂದು ಅವರು ನೇರವಾಗಿಯೇ ಹೇಳಿದ್ದರು. ನೇರವಾಗಿ ಹೇಳಿದ್ದಕ್ಕೆ ಅವರ ಮೇಲೆ ಒಂದಿಷ್ಟು ನಂಬಿಕೆ ಹುಟ್ಟುತ್ತದೆ, ಗೊಂದಲ ಮಾತ್ರ ಕಡಿಮೆಯಾಗುವುದಿಲ್ಲ.

*

ಎದುರು ಪಕ್ಷದ ಮಾತಿಗೂ ಜಾಗ ಕೊಡಬೇಕು. ಹಣದ ಓಟದ ಲೋಕ ಹೊಲಸಾಗಿತ್ತು ಎಂಬುದು ಸುಳ್ಳಲ್ಲ. ಬಾಜಿ ಕಟ್ಟುವವರ ಕೈಯಲ್ಲಿ ಓಟಗಾರ ಸಿಕ್ಕಿಬಿದ್ದಿರುತ್ತಿದ್ದ. ಮುಂದಿನ ಪಂದ್ಯದಲ್ಲಿ ಹೆಚ್ಚು ರಿಯಾಯಿತಿ ಸಿಗಲಿ ಎಂದು ಈ ಪಂದ್ಯದಲ್ಲಿ ಬೇಕೆಂದೇ ಸೋಲುವುದು, ಸುಳ್ಳು ಹೆಸರಿನಲ್ಲಿ ಓಡುವುದು ಮಾಮೂಲಾಗಿತ್ತು. 1869ರಿಂದ ಇದೇ ಕ್ಲಬ್ಬಿನ ನೆಲೆಯಾಗಿದ್ದ ಲಿಲ್ಲಿ ಬ್ರಿಡ್ಜ್ ಮೈದಾನದ ಕೊನೆಯೂ ಹಾಗೇ ಆಯಿತು. 1887ರ ಸೆಪ್ಟೆಂಬರಿನಲ್ಲಿ ಹಚೆನ್ಸ್ ಮತ್ತು ಜೆಂಟ್ ಎಂಬ ಕಸುಬಿನ ಓಟಗಾರರ ಪಂದ್ಯ ಅಲ್ಲಿ ಗೊತ್ತಾಗಿತ್ತು. ಬಾಜಿಯವರ ಜಗಳದಲ್ಲಿ ಓಟಗಾರರನ್ನೇ ಹೊರಗೆ ಸಾಗಿಸಿಬಿಟ್ಟರು. ದುಡ್ಡು ಕೊಟ್ಟು ಬಂದ ಜನ ಸಿಟ್ಟಿಗೆದ್ದು ಮೈದಾನಕ್ಕೇ ಬೆಂಕಿಯಿಟ್ಟರು.

ಹಾಗಾದರೆ ಹಣವನ್ನು ದೂರವಿಟ್ಟದ್ದು ತಪ್ಪೇ? ತಪ್ಪೆಂದು ನಾನು ಹೇಳಲಾರೆ. ಮೋಸವಿಲ್ಲದ ಓಟ, ನಂಬಬಹುದಾದ ಗಡಿಯಾರ, ಅಳೆದ ದೂರ, ಬರೆದಿಟ್ಟ ಫಲಿತಾಂಶ, ವರ್ಷವರ್ಷವೂ ಅದೇ ಸ್ಪರ್ಧೆಗಳು: ಇವು ಬೋಫೋರ್ಟ್ ಹೌಸಿನವರ ದೊಡ್ಡ ಕೊಡುಗೆ. ನನ್ನ ತಕರಾರು ಇಷ್ಟೇ. ಬಾಜಿಯ ಕೊಳಕನ್ನು ತೊಳೆಯಲು ಬಾಜಿಯನ್ನು ತಡೆದರೆ ಸಾಕಿತ್ತು. ಬಡಗಿಯನ್ನು ತಡೆಯಬೇಕಾಗಿರಲಿಲ್ಲ.

*

ಚೇಂಬರ್ಸ್. ಈ ಮನುಷ್ಯ ನನಗೆ ಒಗಟು.

ವೇಲ್ಸಿನಲ್ಲಿ ಹುಟ್ಟಿ, ಈಟನ್, ಕೇಂಬ್ರಿಡ್ಜ್ ಓದಿದವನು. ವಿಶ್ವವಿದ್ಯಾಲಯದ ದೋಣಿಯಲ್ಲಿ ಹುಟ್ಟುಹಾಕಿದವನು. ಇಪ್ಪತ್ತಮೂರರ ವಯಸ್ಸಿಗೇ ಕ್ಲಬ್ ಕಟ್ಟಿ, ಕೂಟ ನಡೆಸಿ, ಅದರಲ್ಲಿ ತಾನೂ ನಡೆದು ಗೆದ್ದ. ಮರುವರ್ಷ ಬಾಕ್ಸಿಂಗಿಗೆ ಹನ್ನೆರಡು ನಿಯಮ ಬರೆದ. ಕೈಗೆ ಗವಸು ಹಾಕಬೇಕು, ಒಂದು ಸುತ್ತು ಮೂರು ನಿಮಿಷ, ನಡುವೆ ಒಂದು ನಿಮಿಷ ಬಿಡುವು, ಬಿದ್ದವನಿಗೆ ಏಳಲು ಹತ್ತು ಸೆಕೆಂಡು. ಕ್ವೀನ್ಸ್‌ಬರಿ ಪ್ರಭು ತನ್ನ ಹೆಸರು ಕೊಟ್ಟ ಕಾರಣ ಅವು ಕ್ವೀನ್ಸ್‌ಬರಿ ನಿಯಮಗಳೆಂದೇ ಪ್ರಸಿದ್ಧವಾದವು. ಬರೆದವನ ಹೆಸರು ಹಿಂದೆ ಉಳಿಯಿತು.

ಆ ನಿಯಮಗಳು ಯಾರಿಗೆ ಉಪಯೋಗವಾದವು? ಬರಿಗೈಯಲ್ಲಿ ಬಡಿದಾಡಿ ಮುಖ ಜಜ್ಜಿಸಿಕೊಳ್ಳುತ್ತಿದ್ದ ಬಡವರ ಮಕ್ಕಳಿಗೆ. ಮುಂದಿನ ತಲೆಮಾರುಗಳಲ್ಲಿ ಹಣಕ್ಕಾಗಿ ಹೊಡೆದಾಡಿದ ಎಷ್ಟೋ ಜನರ ಪ್ರಾಣವನ್ನು ಆ ಗವಸು, ಆ ಹತ್ತು ಸೆಕೆಂಡು ಉಳಿಸಿರಬೇಕು. ಕೂಲಿಗಾರನೊಡನೆ ಓಡಲೊಲ್ಲದ ಕ್ಲಬ್ಬಿನ ಮುಂದಾಳು ಕೂಲಿಗಾರನ ಮೈಗೆ ರಕ್ಷಣೆಯಾಗುವ ನಿಯಮ ಬರೆದದ್ದು ಹೇಗೆ? ಒಂದೇ ತಲೆಯಲ್ಲಿ ಇವೆರಡೂ ಹೇಗೆ ಕುಳಿತವು? 1883ರಲ್ಲಿ, ಇನ್ನೂ ನಲವತ್ತರ ಪ್ರಾಯದಲ್ಲಿ, ಅವನು ತೀರಿಕೊಂಡ.

*

ಮಿಲ್ವೇನ್ ಮುಂದೆ ಪಾರ್ಲಿಮೆಂಟ್ ಸದಸ್ಯನಾದ, ಸೈನ್ಯದ ನ್ಯಾಯವಿಚಾರಣೆಗಳ ಮೇಲಿನ ಉನ್ನತ ಅಧಿಕಾರಿಯೂ ಆದ. ಥಾರ್ನ್‌ಟನ್ ಕೂಡ ಪಾರ್ಲಿಮೆಂಟಿಗೆ ಹೋದ, ಮಿಡಲ್‌ಸೆಕ್ಸ್ ಕ್ರಿಕೆಟ್ ಕ್ಲಬ್ಬಿನ ಕಾರ್ಯದರ್ಶಿಯಾಗಿದ್ದ. ಮೈಲಿ ಗೆದ್ದ ಲಾಸ್‌ನ ಕಥೆ ಹೆಚ್ಚು ಸ್ವಾರಸ್ಯದ್ದು.

ಅವನ ತಂದೆ ಜಾನ್ ಬೆನೆಟ್ ಲಾಸ್. ನಮ್ಮ ರೈತರು ಇವತ್ತಿಗೂ ಸೊಸೈಟಿಯಿಂದ ಹೊತ್ತು ತರುವ ಸೂಪರ್ ಫಾಸ್ಫೇಟ್ ಗೊಬ್ಬರಕ್ಕೆ 1842ರಲ್ಲಿ ಪೇಟೆಂಟ್ ಪಡೆದು ಕಾರ್ಖಾನೆ ಹಾಕಿದವನು, ಮರುವರ್ಷ ರೋಥಾಮ್‌ಸ್ಟೆಡ್‌ನಲ್ಲಿ ಕೃಷಿ ಪ್ರಯೋಗಗಳನ್ನು ಆರಂಭಿಸಿದವನು. ಮಗ ಓಡಿದ, ದೋಣಿ ನಡೆಸಿದ, ಆಮೇಲೆ ಶಿಲ್ಪಿಯಾದ. ಐವತ್ತೈದರ ವಯಸ್ಸಿನಲ್ಲಿ ಸೈಕಲ್ ಹತ್ತಿ ಇಪ್ಪತ್ತೈದು ಮೈಲಿಯ ದಾಖಲೆಯನ್ನೂ ಮಾಡಿದ. ದೇಹದ ಮೇಲೆ ಅಷ್ಟು ಪ್ರೀತಿ ಇದ್ದವನು.

1882ರಲ್ಲಿ ಅವನ ಮೇಲೆ ರಿಚರ್ಡ್ ಬೆಲ್ಟ್ ಎಂಬ ಇನ್ನೊಬ್ಬ ಶಿಲ್ಪಿ ಮಾನನಷ್ಟದ ದಾವೆ ಹೂಡಿದ. ಬೆಲ್ಟ್ ತನ್ನದೆಂದು ಹೇಳಿಕೊಳ್ಳುವ ಶಿಲ್ಪಗಳನ್ನು ಕೆತ್ತಿದ್ದು ಅವನಲ್ಲ, ಅವನು ಸಂಬಳ ಕೊಟ್ಟು ಇಟ್ಟುಕೊಂಡ ಕೈಗಳು ಎಂದು ಲಾಸ್ ಆರೋಪಿಸಿದ್ದ. ವಿಚಾರಣೆ ನಲವತ್ತಕ್ಕೂ ಹೆಚ್ಚು ದಿನ ನಡೆಯಿತು. ಜ್ಯೂರಿ ಬೆಲ್ಟ್ ಪರವಾಗಿ ತೀರ್ಪು ಕೊಟ್ಟು 5000 ಪೌಂಡ್ ಪರಿಹಾರ ಗೊತ್ತುಮಾಡಿತು.

ಈ ಮೊಕದ್ದಮೆಯನ್ನು ಕ್ರೀಡೆಯ ಟಿಪ್ಪಣಿಯಲ್ಲಿ ಬರೆಯಲು ಕಾರಣವಿದೆ. ಕೆಲಸ ಯಾರು ಮಾಡಿದರೋ ಅವರಿಗೇ ಹೆಸರು ಸಲ್ಲಬೇಕು ಎಂಬ ಮಾತಿಗಾಗಿ ಲಾಸ್ ನ್ಯಾಯಾಲಯದಲ್ಲಿ ಅಷ್ಟು ದಿನ ನಿಂತ. ಆ ಮಾತು ಸರಿಯಾದದ್ದು. ತಾನು ಗೆದ್ದ ಮೈಲಿಯ ಪಟ್ಟವನ್ನು ನೆನೆದಾಗ ಲ್ಯಾಂಗ್, ರಿಚರ್ಡ್ಸ್ ಅವನ ಮನಸ್ಸಿಗೆ ಎಂದಾದರೂ ಬಂದಿದ್ದರೇ?

*

ಅದೇ 1866ರ ಬೇಸಿಗೆಯಲ್ಲಿ ಲಂಡನ್ನಿನಲ್ಲೇ ಇನ್ನೊಂದು ಕೂಟ ನಡೆಯಿತು. ಮಚ್ ವೆನ್‌ಲಾಕ್ ಎಂಬ ಸಣ್ಣ ಊರಿನ ವೈದ್ಯ ವಿಲಿಯಂ ಪೆನ್ನಿ ಬ್ರೂಕ್ಸ್, ಲಿವರ್‌ಪೂಲಿನ ಜಾನ್ ಹುಲಿ ಮುಂತಾದವರು 1865ರಲ್ಲಿ ಕಟ್ಟಿದ ರಾಷ್ಟ್ರೀಯ ಒಲಿಂಪಿಯನ್ ಸಂಘದ ಕೂಟ. ಜಾಗ ಕ್ರಿಸ್ಟಲ್ ಪ್ಯಾಲೇಸ್. ಬ್ರೂಕ್ಸ್ ತನ್ನ ಊರಿನಲ್ಲಿ ದುಡಿಯುವ ಜನರಿಗಾಗಿಯೇ ಆಟದ ಕೂಟ ಆರಂಭಿಸಿದವನು. ಅವನ ಸಂಘ ಹುಟ್ಟಿದ ಕೆಲವೇ ತಿಂಗಳಲ್ಲಿ ಬೋಫೋರ್ಟ್ ಹೌಸಿನ ಕ್ಲಬ್ ತರಾತುರಿಯಲ್ಲಿ ಎದ್ದು ಚಾಂಪಿಯನ್‌ಷಿಪ್ ನಡೆಸಿತು. ಆ ಆತುರದ ಹಿಂದೆ ಬ್ರೂಕ್ಸ್‌ನ ಭಯವಿತ್ತೆಂದು ಹಲವು ಇತಿಹಾಸಕಾರರು ಬರೆದಿದ್ದಾರೆ. ನನಗೂ ಹಾಗೇ ಅನ್ನಿಸುತ್ತದೆ.

ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಇಪ್ಪತ್ತು ತಡೆಗಳ 440 ಗಜದ ಹರ್ಡಲ್ಸ್ ಗೆದ್ದವನ ಹೆಸರು ಕ್ರಿಕೆಟ್ ಬಲ್ಲ ಕನ್ನಡಿಗರೆಲ್ಲರಿಗೂ ಗೊತ್ತು. ಡಬ್ಲ್ಯು. ಜಿ. ಗ್ರೇಸ್. ವಯಸ್ಸು ಆಗಷ್ಟೇ ಹದಿನೆಂಟು. ಓವಲ್ ಮೈದಾನದಲ್ಲಿ ಸರ್ರೆ ವಿರುದ್ಧ ಔಟಾಗದೆ 224 ಹೊಡೆದು, ಪಂದ್ಯ ಇನ್ನೂ ನಡೆಯುತ್ತಿರುವಾಗಲೇ ನಾಯಕನ ಅಪ್ಪಣೆ ಪಡೆದು ಓಡಲು ಬಂದಿದ್ದ. ಮುಂದೆ ಇದೇ ಗ್ರೇಸ್ ಕ್ರಿಕೆಟ್ಟಿನಲ್ಲಿ ಹವ್ಯಾಸಿ ಎಂಬ ಹೆಸರನ್ನು ಉಳಿಸಿಕೊಂಡೇ ಸಂಬಳದ ಆಟಗಾರರಿಗಿಂತ ಹೆಚ್ಚು ಹಣ ಗಳಿಸಿದ. ಯಾರೂ ಅವನನ್ನು ಹೊರಗೆ ಕಳಿಸಲಿಲ್ಲ. ಹಾಗಾದರೆ ತಡೆ ಇದ್ದದ್ದು ಹಣಕ್ಕೋ, ಮನುಷ್ಯನ ಅಂತಸ್ತಿಗೋ?

*

ಹೆಂಗಸರು? ಆ ಹನ್ನೆರಡರಲ್ಲಿ ಒಂದೂ ಅವರದಲ್ಲ. ಇಂಗ್ಲೆಂಡಿನ ಮಹಿಳೆಯರಿಗೆ ಪ್ರತ್ಯೇಕ ಅಥ್ಲೆಟಿಕ್ ಚಾಂಪಿಯನ್‌ಷಿಪ್ ಆರಂಭವಾದದ್ದು 1923ರಲ್ಲಿ.

*

1880ರ ಏಪ್ರಿಲ್ 24. ಆಕ್ಸ್‌ಫರ್ಡಿನ ರಾಂಡಾಲ್ಫ್ ಹೋಟೆಲ್. ಕ್ಲೆಮೆಂಟ್ ಜಾಕ್ಸನ್, ಮಾಂಟೇಗ್ ಶಿಯರ್‌ಮನ್, ಬರ್ನ್‌ಹಾರ್ಡ್ ವೈಸ್ ಎಂಬ ಮೂವರು ಆಕ್ಸ್‌ಫರ್ಡಿನವರು ಎಲ್ಲ ಕಡೆಯ ಕ್ಲಬ್ಬುಗಳನ್ನು ಸೇರಿಸಿ ಅಮೆಚೂರ್ ಅಥ್ಲೆಟಿಕ್ ಅಸೋಸಿಯೇಷನ್ ಕಟ್ಟಿದರು. ಮೆಕ್ಯಾನಿಕ್, ಕೂಲಿಗಾರ ಎಂಬ ಷರತ್ತು ಹೋಯಿತು. ಓಡಿ ಹಣ ಪಡೆಯಬಾರದು ಎಂಬುದಷ್ಟೇ ಉಳಿಯಿತು. ಕೂಟ ವಸಂತದಿಂದ ಬೇಸಿಗೆಗೆ ಸರಿಯಿತು. ಲಂಡನ್ನೊಂದರಲ್ಲೇ ನಡೆಯದೆ ಬರ್ಮಿಂಗ್‌ಹ್ಯಾಂ, ಸ್ಟೋಕ್ ಎಂದು ಕೈಗಾರಿಕಾ ಊರುಗಳಿಗೂ ಹೋಯಿತು.

ಹೊಸ ಸಂಘದ ಮೊದಲ ಚಾಂಪಿಯನ್‌ಷಿಪ್ 1880ರ ಜುಲೈ 3ರಂದು. ಯಾವ ವಾರವೆಂದು ಲೆಕ್ಕ ಹಾಕಿ ನೋಡಿದೆ. ಶನಿವಾರ.

ಆ ದಿನ ಮೈಲಿಯನ್ನೂ ನಾಲ್ಕು ಮೈಲಿಯನ್ನೂ ಗೆದ್ದವನು ವಾಲ್ಟರ್ ಜಾರ್ಜ್, ವೂಸ್ಟರಿನಲ್ಲಿ ಔಷಧಿ ಅಂಗಡಿಯ ಕೆಲಸ ಕಲಿಯುತ್ತಿದ್ದ ಹುಡುಗ. ಮೈಲಿಗೆ 4 ನಿಮಿಷ 28.6 ಸೆಕೆಂಡು. ನಾಲ್ಕು ವರ್ಷದಲ್ಲಿ ಅದನ್ನು 4 ನಿಮಿಷ 18.4ಕ್ಕೆ ಇಳಿಸಿದ. ಆಮೇಲೆ ಅವನಿಗೆ ಎದುರಾಳಿಗಳೇ ಉಳಿಯಲಿಲ್ಲ. ಸಮಬಲದವನು ಒಬ್ಬನೇ, ಸ್ಕಾಟ್ಲೆಂಡಿನ ವಿಲಿಯಂ ಕಮಿಂಗ್ಸ್. ಅವನು ಕಸುಬಿನವರ ಸಾಲಿನಲ್ಲಿದ್ದ. ಅವನೊಡನೆ ಓಡಬೇಕೆಂದರೆ ಜಾರ್ಜ್ ಹವ್ಯಾಸಿ ಪಟ್ಟಿಯಿಂದ ಹೊರಬರಲೇಬೇಕು, ಮತ್ತೆ ಒಳಗೆ ಹೋಗುವ ದಾರಿ ಇಲ್ಲ. ಹೊರಬಂದ. 1886ರ ಆಗಸ್ಟ್ 23ರಂದು ಲಿಲ್ಲಿ ಬ್ರಿಡ್ಜಿನಲ್ಲಿ ಕಮಿಂಗ್ಸ್ ಎದುರು ಮೈಲಿಯನ್ನು 4 ನಿಮಿಷ 12¾ ಸೆಕೆಂಡಿನಲ್ಲಿ ಮುಗಿಸಿದ. 1915ರವರೆಗೆ ಜಗತ್ತಿನಲ್ಲಿ ಯಾರೂ ಅದಕ್ಕಿಂತ ವೇಗವಾಗಿ ಮೈಲಿ ಓಡಲಿಲ್ಲ. ಇಂಥ ಓಟ ಓಡಿದವನು ಆ ವರ್ಷದ ರಾಷ್ಟ್ರೀಯ ಚಾಂಪಿಯನ್ ಅಲ್ಲ, ಆಗುವಂತೆಯೂ ಇರಲಿಲ್ಲ. ತನ್ನಷ್ಟೇ ಬಲ್ಲವನೊಡನೆ ಓಡಬೇಕೆಂಬ ಆಸೆ ಓಟಗಾರನಿಗೆ ಸಹಜ. ಆ ಆಸೆಗೆ ಅವನು ತೆತ್ತ ಬೆಲೆ ನನಗೆ ಅನ್ಯಾಯವಾಗಿಯೇ ಕಾಣುತ್ತದೆ.

*

ದೋಣಿಯವರು ಇನ್ನೂ ಹಟಮಾರಿಗಳು. ಹೆನ್ಲಿ ದೋಣಿ ಕೂಟದಲ್ಲಿ ಕೈಗೆಲಸದವರಿಗೆ ತಡೆ 1937ರವರೆಗೆ ಉಳಿಯಿತು. ಅಮೆರಿಕದ ಜಾನ್ ಕೆಲಿ ಇಟ್ಟಿಗೆ ಕೆಲಸ ಮಾಡಿದವನು. 1920ರಲ್ಲಿ ಹೆನ್ಲಿ ಅವನ ಅರ್ಜಿಯನ್ನು ತಿರಸ್ಕರಿಸಿತು. ಅವನ ಕ್ಲಬ್ಬಿನ ಮೇಲೆ ಹಳೆಯ ನಿಷೇಧವೂ ಇತ್ತು, ಕೈಗೆಲಸದ ಮಾತೂ ಬಂತು. ಅದೇ ವರ್ಷ ಆಂಟ್ವರ್ಪ್ ಒಲಿಂಪಿಕ್ಸಿನಲ್ಲಿ ಕೆಲಿ ಚಿನ್ನ ಗೆದ್ದ.

ಆಂಟ್ವರ್ಪ್ ಎಂದಾಗ ನಮ್ಮ ಬೆಳಗಾವಿ ನೆನಪಾಗಲೇಬೇಕು.

1919ರಲ್ಲಿ ಪುಣೆಯ ಡೆಕ್ಕನ್ ಜಿಮ್ಖಾನಾ ತನ್ನ ಕ್ರೀಡಾಕೂಟಕ್ಕೆ ದೊರಾಬ್ಜಿ ಟಾಟಾ ಅವರನ್ನು ಅಧ್ಯಕ್ಷರಾಗಿ ಕರೆದಿತ್ತು. ಅವರು ಅಲ್ಲಿ ಕಂಡದ್ದನ್ನು ಮುಂದೆ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧ್ಯಕ್ಷರಿಗೆ ಬರೆದ ಪತ್ರದಲ್ಲಿ ಹೇಳಿಕೊಂಡಿದ್ದಾರೆ. ಓಡಿದವರು ಹೊಲದಲ್ಲಿ ದುಡಿಯುವ ರೈತಾಪಿ ಹುಡುಗರು, ಬರಿಗಾಲು, ಬಡ ಊಟ. ಮೈದಾನ ಚಿಕ್ಕದು, ನೆಲ ಸಮವಿಲ್ಲ. 100 ಗಜದ ಓಟವನ್ನೂ ತಿರುವಿನಲ್ಲೇ ಓಡಬೇಕು, ಸಾಲು ಬೇರ್ಪಡಿಸುವ ಹಗ್ಗವಿಲ್ಲ. ಆದರೂ ದೂರದ ಓಟದಲ್ಲಿ ಅವರ ಕಾಲ ಯೂರೋಪಿನ ಪಳಗಿದ ಓಟಗಾರರ ಹತ್ತಿರ ಬರುತ್ತಿತ್ತು. ಟಾಟಾ ತಮ್ಮ ಕೈಯಿಂದಲೂ ಹಣ ಹಾಕಿ ಮರುವರ್ಷ ಒಂದು ಸಣ್ಣ ತಂಡವನ್ನು ಆಂಟ್ವರ್ಪಿಗೆ ಕಳಿಸಿದರು. ಅದರಲ್ಲಿದ್ದವನು ಬೆಳಗಾವಿಯ ಫಡೆಪ್ಪ ದಾರೆಪ್ಪ ಚೌಗುಲೆ.

ಆ ವರ್ಷದ ಮ್ಯಾರಥಾನ್ ದೂರ 42.75 ಕಿಲೋಮೀಟರ್, ಈಗಿನದಕ್ಕಿಂತ ಅರ್ಧ ಕಿಲೋಮೀಟರಿಗೂ ಹೆಚ್ಚು. ಗೆದ್ದವನು ಫಿನ್ಲೆಂಡಿನ ಹಾನ್ನೆಸ್ ಕೊಲೆಹ್ಮೈನೆನ್, 2 ಗಂಟೆ 32 ನಿಮಿಷ 35.8 ಸೆಕೆಂಡು. ಚೌಗುಲೆ 2 ಗಂಟೆ 50 ನಿಮಿಷ 45.4 ಸೆಕೆಂಡಿನಲ್ಲಿ ಹತ್ತೊಂಬತ್ತನೆಯವನಾಗಿ ಬಂದ. ಪ್ರತಿ ಕಿಲೋಮೀಟರಿಗೆ ನಾಲ್ಕು ನಿಮಿಷಕ್ಕಿಂತ ಸ್ವಲ್ಪ ಕಡಿಮೆ. ತರಬೇತಿಯ ಪರಂಪರೆಯೇ ಇಲ್ಲದ ನೆಲದಿಂದ ಹೋಗಿ, ಮೊದಲ ಸಲಕ್ಕೇ ಹತ್ತೊಂಬತ್ತನೆಯ ಸ್ಥಾನ.

ಆ ಒಲಿಂಪಿಕ್ಸಿನಲ್ಲಿಯೂ ಹವ್ಯಾಸಿಗಳಿಗೆ ಮಾತ್ರ ಪ್ರವೇಶ. ಪುಣೆಯ ಮೈದಾನದ ಹುಡುಗರು ಓಡಿ ಹಣ ಗಳಿಸಿದವರಲ್ಲ, ಹಾಗಾಗಿ 1920ರ ಬಾಗಿಲು ಅವರಿಗೆ ತೆರೆದಿತ್ತು. ಬೋಫೋರ್ಟ್ ಹೌಸಿನವರ ಕೂಲಿಗಾರನ ಷರತ್ತು ಉಳಿದಿದ್ದರೆ, ಹೊಲದಲ್ಲಿ ದುಡಿದವರು ಎಂಬ ಒಂದೇ ಕಾರಣಕ್ಕೆ ಆ ಹುಡುಗರು ಮೈದಾನದ ಬೇಲಿಯ ಆಚೆ ನಿಲ್ಲಬೇಕಿತ್ತು. ಲಂಡನ್ನಿನ ಆ ಹಳೆಯ ನಿಯಮ ನಮ್ಮದಲ್ಲದ ವಿಷಯ ಎಂದು ನಾನು ಪಕ್ಕಕ್ಕಿಡದೆ ಇರುವುದು ಇದಕ್ಕೇ.

ಬೆಳಗಾವಿ ಸೀಮೆಯ ಓದುಗರಲ್ಲಿ, ವಿಶೇಷವಾಗಿ ಶಾಲೆಗಳ ದೈಹಿಕ ಶಿಕ್ಷಕರಲ್ಲಿ ಒಂದು ಕೋರಿಕೆ. ಚೌಗುಲೆಯ ಹೆಸರನ್ನೂ ಅವನ ಓಟದ ಕಾಲವನ್ನೂ ಮಕ್ಕಳಿಗೆ ಹೇಳಿ. ಅವನನ್ನು ಕಂಡವರ ಮಕ್ಕಳು ಮೊಮ್ಮಕ್ಕಳು ಹಳ್ಳಿಗಳಲ್ಲಿ ಇನ್ನೂ ಇದ್ದರೆ, ಅವರ ನೆನಪುಗಳನ್ನು ಈಗಲೇ ಬರೆದಿಡಿ.